ಥೈರಾಯ್ಡ್ ತೊಂದರೆಯೂ ಸುರೂಪಿಕಾ ಶಸ್ತ್ರಚಿಕಿತ್ಸೆಯೂ

ಮೂರು ವರ್ಷದ ಹಿಂದಿನ ಮಾತು. ದಸರಾ ರಜೆಗೆ ಇನ್ನೂ ಎರಡು ವಾರವಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮನೆಗೆ ಬಂದರು. ಈಗ ಅವರು ಪದವಿಪೂರ್ವ ಕಾಲೇಜೊಂದರಲ್ಲಿ ಭೌತವಿಜ್ಞಾನದ ಉಪನ್ಯಾಸಕಿ. ವಯಸ್ಸು ನಲವತ್ತರ ಆಸುಪಾಸು. ರಜೆಯಲ್ಲಿ ಒಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಿರುವುದಾಗಿ ಸಂಕೋಚದಿಂದಲೇ ಹೇಳಿದರು. ರೋಗಕ್ಕಾಗಿ ಅಲ್ಲ; ಊದಿಕೊಂಡ ಕಣ್ಣುರೆಪ್ಪೆಗಳನ್ನು ಸರಿಪಡಿಸಿ, ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಸುವುದಕ್ಕೆ. "ಥೈರಾಯ್ಡ್ ಇದೆ ಸರ್, ಆರು ವರ್ಷದಿಂದ ಮಾತ್ರೆ ತಗೊಳ್ತಿದೀನಿ. ರಕ್ತಪರೀಕ್ಷೆ ನಾರ್ಮಲ್ ಬಂದಿದೆ. ಏನೂ ತೊಂದರೆಯಿಲ್ಲ ಅಲ್ವಾ?" ಎಂದು ಕೇಳಿದರು.

ನಾನು ವೈದ್ಯನಲ್ಲ. ವೈದ್ಯರನ್ನೇ ಕೇಳಿ ಎಂದು ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದುತ್ತಾ, ವೈದ್ಯಮಿತ್ರರನ್ನು ಕಾಡುತ್ತಾ ಹೋದ ಹಾಗೆ, ನಾವು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವ ಅರ್ಧಾಯು, ವಿಶಿಷ್ಟೋಷ್ಣ, ಹಿಮ್ಮಾಹಿತಿ ಎಲ್ಲವೂ ಈ ಪ್ರಶ್ನೆಯೊಳಗೆ ಕುಳಿತಿರುವುದು ಕಂಡಿತು. ನಿಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲೇ ಬೆಳಿಗ್ಗೆ ಎದ್ದ ಕೂಡಲೇ ಥೈರಾಕ್ಸಿನ್ ಮಾತ್ರೆ ನುಂಗುವ ಒಬ್ಬಿಬ್ಬರಾದರೂ ಇರುತ್ತಾರೆ. ಆದ್ದರಿಂದ ಈ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ತೊಟ್ಟಿಯ ಲೆಕ್ಕ

ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 15ರಿಂದ 20 ಗ್ರಾಂ. ಅದು ಸ್ರವಿಸುವ ಮುಖ್ಯ ಹಾರ್ಮೋನು ಥೈರಾಕ್ಸಿನ್. ಇದರ ಅಣುವಿನಲ್ಲಿ 4 ಅಯೋಡಿನ್ ಪರಮಾಣುಗಳಿರುವುದರಿಂದ ಟಿ-4 ಎಂಬ ಹೆಸರು. ಅಂಗಾಂಶಗಳಲ್ಲಿ ಇದು ಒಂದು ಅಯೋಡಿನ್ ಕಳೆದುಕೊಂಡು ಟಿ-3 ಆಗುತ್ತದೆ. ಜೀವಕೋಶದೊಳಗೆ ನಿಜವಾಗಿ ಕೆಲಸ ಮಾಡುವುದು ಹೆಚ್ಚಾಗಿ ಟಿ-3. ಟಿ-4 ಅನ್ನು ಉಗ್ರಾಣದ ಸರಕೆಂದೂ ಟಿ-3 ಅನ್ನು ಅಂಗಡಿಯ ಸರಕೆಂದೂ ಭಾವಿಸಬಹುದು.

ರಕ್ತದಲ್ಲಿ ಟಿ-4ನ ಅರ್ಧಾಯು ಸುಮಾರು 7 ದಿನ, ಟಿ-3ನದು ಸುಮಾರು 1 ದಿನ. ಅರ್ಧಾಯು 7 ದಿನವಾದರೆ ಪ್ರತಿದಿನ ಕಳೆದುಹೋಗುವ ಭಾಗ 0.693ನ್ನು 7ರಿಂದ ಭಾಗಿಸಿದಷ್ಟು, ಅಂದರೆ ಹತ್ತರಲ್ಲಿ ಒಂದು ಪಾಲು. ಆರೋಗ್ಯವಂತರ ಗ್ರಂಥಿ ದಿನಕ್ಕೆ 80 ಮೈಕ್ರೊಗ್ರಾಂ ಸ್ರವಿಸುತ್ತದೆಂದು ಇಟ್ಟುಕೊಳ್ಳಿ. ಒಳಹರಿವೂ ಹೊರಹರಿವೂ ಸಮವಾಗಿರುವ ತೊಟ್ಟಿಯಲ್ಲಿ ಆಗ ನಿಲ್ಲುವ ಒಟ್ಟು ದಾಸ್ತಾನು ಸುಮಾರು 800 ಮೈಕ್ರೊಗ್ರಾಂ. ವೈದ್ಯಕೀಯ ಪಠ್ಯಗಳು ಕೊಡುವ ಅಳತೆಯೂ ಇದರ ಹತ್ತಿರವೇ ಇದೆ. ಒಂದು ಗ್ರಾಂನ ಸಾವಿರದಲ್ಲಿ ಒಂದು ಪಾಲೂ ಇಲ್ಲದ ಈ ದಾಸ್ತಾನಿನ ಮೇಲೆ ಇಡೀ ದೇಹದ ಚಯಾಪಚಯದ ವೇಗ ನಿಂತಿದೆ!

ಈ ಸರಳ ಲೆಕ್ಕದಿಂದ ರೋಗಿಗಳು ಪದೇ ಪದೇ ಕೇಳುವ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ದಿನ ಮಾತ್ರೆ ತಪ್ಪಿದರೆ ಅಪಾಯವೇ? ಒಂದು ದಿನದಲ್ಲಿ ದಾಸ್ತಾನು ಇಳಿಯುವುದು ನೂರಕ್ಕೆ ಒಂಬತ್ತು ಪಾಲು ಮಾತ್ರ, ಆಕಾಶ ಬೀಳುವುದಿಲ್ಲ. ಆದರೂ ತಪ್ಪಿಸಲು ಕಾರಣವಿಲ್ಲ. ಉಪವಾಸವಿರಬೇಕಾದ ಆ ಬೆಳಿಗ್ಗೆಯೂ ಒಂದು ಗುಟುಕು ನೀರಿನೊಡನೆ ಮಾತ್ರೆ ನುಂಗುವಂತೆ ಸಾಮಾನ್ಯವಾಗಿ ಹೇಳಲಾಗುತ್ತದೆ. ಎರಡನೆಯ ಪ್ರಶ್ನೆ: ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಮರುಪರೀಕ್ಷೆಗೆ 6 ವಾರ ಏಕೆ ಕಾಯಬೇಕು? ಹೊಸ ಮಟ್ಟಕ್ಕೆ ತೊಟ್ಟಿ ಏರಿ ನಿಲ್ಲಲು ಐದು ಅರ್ಧಾಯುಗಳಾದರೂ ಬೇಕು. ಐದು ಅರ್ಧಾಯು ಕಳೆದಾಗ ನೂರಕ್ಕೆ 97ರಷ್ಟು ದೂರ ಕ್ರಮಿಸಿರುತ್ತದೆ. ಐದನ್ನು ಏಳರಿಂದ ಗುಣಿಸಿದರೆ 35 ದಿನ. ಕೊರತೆಯಿರುವವರಲ್ಲಿ ಅರ್ಧಾಯುವೇ 9ರಿಂದ 10 ದಿನಕ್ಕೆ ಹಿಗ್ಗಿರುತ್ತದೆ. ಆದ್ದರಿಂದ "ಮುಂದಿನ ವಾರ ಶಸ್ತ್ರಚಿಕಿತ್ಸೆ, ಈ ವಾರ ಮಾತ್ರೆ ಜಾಸ್ತಿ ಮಾಡಿ" ಎಂದು ವೈದ್ಯರನ್ನು ಒತ್ತಾಯಿಸುವುದು ಭೌತವಿಜ್ಞಾನಕ್ಕೆ ವಿರುದ್ಧವಾದ ಬೇಡಿಕೆ.

ಗ್ರಂಥಿಗೆ ಆಜ್ಞೆ ಕೊಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದರ ಆಜ್ಞಾಪತ್ರವೇ ಟಿ.ಎಸ್.ಎಚ್. ರಕ್ತದಲ್ಲಿ ಟಿ-4 ಇಳಿದರೆ ಟಿ.ಎಸ್.ಎಚ್. ಏರುತ್ತದೆ, ಟಿ-4 ಏರಿದರೆ ಇಳಿಯುತ್ತದೆ. ಇದು ಇಸ್ತ್ರಿಪೆಟ್ಟಿಗೆಯ ತಾಪನಿಯಂತ್ರಕದ ಹಾಗೆ ಋಣ ಹಿಮ್ಮಾಹಿತಿ. ಸ್ವಾರಸ್ಯವಿರುವುದು ಅದರ ವರ್ಧನೆಯಲ್ಲಿ. ಎರಡರ ಸಂಬಂಧ ಸರಿಸುಮಾರು ಲಘುಗಣಕೀಯ. ಟಿ-4 ಅರ್ಧಕ್ಕಿಳಿದರೆ ಟಿ.ಎಸ್.ಎಚ್. ನೂರು ಪಟ್ಟಿನಷ್ಟು ಏರಬಲ್ಲದು. ಟಿ-4ರ ಸಣ್ಣ ಕೊರತೆಯನ್ನೂ ಟಿ.ಎಸ್.ಎಚ್. ದೊಡ್ಡದಾಗಿ ತೋರಿಸುವುದರಿಂದಲೇ ವೈದ್ಯರು ಮೊದಲು ಅದನ್ನು ಅಳೆಯುತ್ತಾರೆ. ಹೆಚ್ಚಿನ ಪ್ರಯೋಗಾಲಯಗಳಲ್ಲಿ ವಯಸ್ಕರಿಗೆ ಅದರ ಸಾಮಾನ್ಯ ವ್ಯಾಪ್ತಿ ಲೀಟರಿಗೆ ಸುಮಾರು 0.4ರಿಂದ 4 ಮಿಲಿಯೂನಿಟ್.

ಮುಖ ಬದಲಿಸುವ ಗ್ರಂಥಿ

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡರ್ ಕೋಕರ್ ಗಳಗಂಡವಿದ್ದ ರೋಗಿಗಳ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯುತ್ತಿದ್ದರು. ಆ ಗ್ರಂಥಿ ಏನು ಮಾಡುತ್ತದೆಂದು ಆಗ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ತಮ್ಮ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿ, ಅವರು ಕಂಡದ್ದನ್ನು 1883ರಲ್ಲಿ ವರದಿ ಮಾಡಿದರು: ಮುಖ ಊದಿತ್ತು, ಚರ್ಮ ದಪ್ಪವಾಗಿತ್ತು, ಕೂದಲು ಉದುರಿತ್ತು, ಮಾತೂ ನಡೆಯೂ ನಿಧಾನವಾಗಿದ್ದವು. ಆ ಬಳಿಕ ಕೋಕರ್ ಇಡೀ ಗ್ರಂಥಿಯನ್ನು ತೆಗೆಯುವ ಪದ್ಧತಿಯನ್ನೇ ಕೈಬಿಟ್ಟರು. 1909ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಶಸ್ತ್ರಚಿಕಿತ್ಸೆಯೊಂದರ ಅನಾಹುತದಿಂದಲೇ ಗ್ರಂಥಿಯ ಕೆಲಸ ಬೆಳಕಿಗೆ ಬಂದಿತೆನ್ನಬಹುದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚಿ ಇಂಥ ರೋಗಿಯೊಬ್ಬರನ್ನು ಗುಣಪಡಿಸಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಹರಳುಗಳಾಗಿ ಬೇರ್ಪಡಿಸಿದರು.

ಕೋಕರ್ ಕಂಡ ಲಕ್ಷಣಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಊದಿದ ಮುಖ, ಉದುರುವ ಕೂದಲು, ಜೊತೆಗೆ ಏರುವ ತೂಕ. ಸುರೂಪಿಕಾ ಚಿಕಿತ್ಸಾಲಯಕ್ಕೆ ಜನ ಹೊತ್ತು ಹೋಗುವ ದೂರುಗಳೂ ಇವೇ ಅಲ್ಲವೇ? ಥೈರಾಯ್ಡ್ ಕೊರತೆಯಲ್ಲಿ ಚರ್ಮದಡಿ ನೀರನ್ನು ಹಿಡಿದಿಡುವ ಸಕ್ಕರೆಜಾತಿಯ ದೊಡ್ಡ ಅಣುಗಳು ಶೇಖರವಾಗುತ್ತವೆ. ಕಣ್ಣುರೆಪ್ಪೆಯ ಚರ್ಮ ತೆಳು. ಊತ ಮೊದಲು ಅಲ್ಲೇ ಕಾಣುತ್ತದೆ. ಅದನ್ನು ಕೊಬ್ಬೆಂದೋ ಜೋತುಬಿದ್ದ ಚರ್ಮವೆಂದೋ ತಿಳಿದು ಕತ್ತರಿಸಿದರೆ, ಆಮೇಲೆ ಮಾತ್ರೆಯಿಂದ ಊತ ಇಳಿದಾಗ ರೆಪ್ಪೆಗೆ ಚರ್ಮ ಸಾಲದೆ ಕಣ್ಣು ಪೂರ್ತಿ ಮುಚ್ಚದೇ ಹೋಗಬಹುದು. ಕೂದಲು ಕಸಿಯ ವಿಷಯವೂ ಹೀಗೆಯೇ. ಹಾರ್ಮೋನು ಸರಿಹೋದರೆ ಕೆಲವು ತಿಂಗಳಲ್ಲಿ ತಾನಾಗಿ ಬರಬಹುದಾದ ಕೂದಲಿಗೆ ಸಾವಿರಾರು ರೂಪಾಯಿ ಸುರಿಯುವುದುಂಟು.

ಇದಕ್ಕೆ ವಿರುದ್ಧವಾದ ಸ್ಥಿತಿ ಥೈರಾಯ್ಡ್ ಆಧಿಕ್ಯ. ಅದರ ಪ್ರಮುಖ ಕಾರಣವಾದ ಗ್ರೇವ್ಸ್ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ ಗ್ರಂಥಿಯನ್ನು ಕೆರಳಿಸುತ್ತವೆ. ಕೆಲವರಲ್ಲಿ ಕಣ್ಣಿನ ಹಿಂಭಾಗದ ಅಂಗಾಂಶವೂ ಊದಿ ಕಣ್ಣುಗುಡ್ಡೆ ಮುಂದಕ್ಕೆ ಚಾಚುತ್ತದೆ, ಮೇಲ್ರೆಪ್ಪೆ ಹಿಂದಕ್ಕೆ ಸರಿಯುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ, ಉಪಯುಕ್ತವೂ ಹೌದು. ಆದರೆ ಉರಿಯೂತ ಆರಿ, ಸುಮಾರು 6 ತಿಂಗಳು ಕಣ್ಣಿನ ಸ್ಥಿತಿ ಬದಲಾಗದೆ ನಿಂತ ಮೇಲೆ ಮಾತ್ರ. ದೃಷ್ಟಿಗೇ ಅಪಾಯವಿದ್ದರೆ ಮಾತು ಬೇರೆ. ಅದಕ್ಕೊಂದು ಕ್ರಮವೂ ಇದೆ: ಮೊದಲು ಕಣ್ಣುಗೂಡಿನ ಮೂಳೆ, ನಂತರ ಮೆಳ್ಳೆಗಣ್ಣು, ಕೊನೆಗೆ ರೆಪ್ಪೆ. ಕ್ರಮ ತಪ್ಪಿದರೆ ಹಿಂದಿನ ಹಂತದ ಕೆಲಸ ಮುಂದಿನದರಿಂದ ಕೆಡುತ್ತದೆ.

ಮೂರು ಲೀಟರ್ ತಣ್ಣೀರು

ಈಗ ಶಸ್ತ್ರಚಿಕಿತ್ಸೆಯ ಮೇಜಿಗೆ ಬರೋಣ. ಕೊಬ್ಬು ಹೀರುವ ಚಿಕಿತ್ಸೆಯಲ್ಲಿ ಮೊದಲು ಚರ್ಮದಡಿಗೆ ಲೀಟರುಗಟ್ಟಲೆ ಲವಣದ್ರಾವಣವನ್ನು ತುಂಬುತ್ತಾರೆ. ಇದು ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದ ವಿಧಾನ. ದ್ರಾವಣದಲ್ಲಿ ನೋವು ತಡೆಯಲು ಲಿಡೊಕೇನ್, ರಕ್ತನಾಳಗಳನ್ನು ಸಂಕುಚಿಸಲು ಅತಿ ಸ್ವಲ್ಪ ಅಡ್ರಿನಲಿನ್ ಇರುತ್ತವೆ.

ದ್ರಾವಣ 3 ಲೀಟರ್, ಅದರ ಉಷ್ಣತೆ ಕೋಣೆಯಷ್ಟೇ, 22 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳಿ. ಅದನ್ನು 37 ಡಿಗ್ರಿಗೆ ಏರಿಸಲು ದೇಹ ಕೊಡಬೇಕಾದ ಉಷ್ಣ 3ನ್ನು 4.18ರಿಂದಲೂ 15ರಿಂದಲೂ ಗುಣಿಸಿದಷ್ಟು, ಅಂದರೆ ಸುಮಾರು 188 ಕಿಲೊಜೂಲ್. ದೇಹದ ಸರಾಸರಿ ವಿಶಿಷ್ಟೋಷ್ಣ ಕಿಲೊಗ್ರಾಂಗೆ ಸುಮಾರು 3.5 ಕಿಲೊಜೂಲ್. 60 ಕಿಲೊಗ್ರಾಂ ತೂಕದವರ ಉಷ್ಣತೆ ಇದರಿಂದ 0.9 ಡಿಗ್ರಿಯಷ್ಟು ಇಳಿಯುತ್ತದೆ. (ದ್ರಾವಣದ ಒಂದು ಭಾಗ ಬೆಚ್ಚಗಾಗುವ ಮೊದಲೇ ಹೊರಬರುವುದರಿಂದ ನಿಜವಾದ ಇಳಿಕೆ ಇದಕ್ಕಿಂತ ಕಡಿಮೆ. ವಿದ್ಯಾರ್ಥಿಗಳು ಆ ತಿದ್ದುಪಡಿಯನ್ನೂ ಮಾಡಿ ನೋಡಬಹುದು.) ಪೂರ್ಣ ಅರಿವಳಿಕೆ ಕೊಟ್ಟಿದ್ದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಡಲಿನ ಶಾಖ ಕೈಕಾಲಿಗೆ ಹರಿದು, ಮೊದಲ ಗಂಟೆಯಲ್ಲೇ ಒಳಗಿನ ಉಷ್ಣತೆ 1ರಿಂದ 1.5 ಡಿಗ್ರಿ ಇಳಿಯುವುದು ಬೇರೆ.

ವಿಶ್ರಾಂತಿಯಲ್ಲಿರುವ ದೇಹ ಸುಮಾರು 75 ವಾಟ್ ಸಾಮರ್ಥ್ಯದ ಒಲೆ. 188 ಕಿಲೊಜೂಲ್ ಉತ್ಪಾದಿಸಲು ಅದಕ್ಕೆ 42 ನಿಮಿಷ ಬೇಕು. ತೀವ್ರ ಥೈರಾಯ್ಡ್ ಕೊರತೆಯಲ್ಲಿ ಮೂಲ ಚಯಾಪಚಯ ನೂರಕ್ಕೆ 30ರಷ್ಟೋ ಇನ್ನೂ ಹೆಚ್ಚಾಗಿಯೋ ಕುಗ್ಗಿರುತ್ತದೆ. ಆಗ ಅದೇ ಕೆಲಸಕ್ಕೆ ಒಂದು ಗಂಟೆ. ಒಲೆಯೇ ಸಣ್ಣದಾದವರ ಮೈಗೆ ತಣ್ಣೀರು ತುಂಬುವುದೆಂದರೆ ಇದು. ಹೀಗಾಗಿ ದ್ರಾವಣವನ್ನು ದೇಹದ ಉಷ್ಣತೆಗೆ ಬಿಸಿಮಾಡಿ ಬಳಸುವುದು, ಬೆಚ್ಚನೆಯ ಗಾಳಿಯ ಹೊದಿಕೆ ಹಾಕುವುದು ಥೈರಾಯ್ಡ್ ಸರಿಯಿದ್ದವರಿಗೂ ಒಳ್ಳೆಯದು, ಕೊರತೆಯಿರುವವರಿಗಂತೂ ಅಗತ್ಯ.

ಕೊರತೆಯಲ್ಲಿ ಹೃದಯ ಪಂಪು ಮಾಡುವ ರಕ್ತದ ಪ್ರಮಾಣವೂ ಕಡಿಮೆ. ಲಿಡೊಕೇನನ್ನು ಒಡೆದು ಹೊರಹಾಕುವುದು ಯಕೃತ್ತು. ಅದು ಎಷ್ಟು ಬೇಗ ಒಡೆಯುತ್ತದೆನ್ನುವುದು ಯಕೃತ್ತಿಗೆ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತದೆಂಬುದನ್ನು ಅವಲಂಬಿಸಿದೆ. ಹರಿವು ಕುಗ್ಗಿದರೆ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಈ ವಿಧಾನದಲ್ಲಿ ಲಿಡೊಕೇನ್ ಮಟ್ಟ ಶಿಖರ ಮುಟ್ಟುವುದು ಸಾಮಾನ್ಯವಾಗಿ ಸುಮಾರು 12 ಗಂಟೆಯ ನಂತರ. ಅಷ್ಟು ಹೊತ್ತಿಗೆ ರೋಗಿ ಮನೆಗೆ ಹೋಗಿ ಮಲಗಿರುತ್ತಾರೆ! ನಿದ್ರಾಜನಕ ಔಷಧಗಳಿಗೂ ಇಂಥವರ ದೇಹ ಅತಿಯಾಗಿ ಸ್ಪಂದಿಸುತ್ತದೆ. ಚಿಕಿತ್ಸೆಯಿಲ್ಲದ ತೀವ್ರ ಕೊರತೆಯಲ್ಲಿ ಚಳಿ, ಅರಿವಳಿಕೆ, ಸೋಂಕು ಇವು ಸೇರಿದರೆ ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು. ಅಪರೂಪ, ಆದರೆ ಪ್ರಾಣಾಂತಿಕ.

ಇದನ್ನೆಲ್ಲ ಓದಿ ಥೈರಾಯ್ಡ್ ಮಾತ್ರೆ ನುಂಗುವವರೆಲ್ಲ ಹೆದರಬೇಕಾಗಿಲ್ಲ. ಅಮೆರಿಕದಲ್ಲಿ 1983 ಮತ್ತು 1984ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಸೌಮ್ಯ ಇಲ್ಲವೇ ಮಧ್ಯಮ ಕೊರತೆಯಿದ್ದೂ ಬೇರೆ ಬೇರೆ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಕೊರತೆಯಿಲ್ಲದವರೊಂದಿಗೆ ಹೋಲಿಸಿದವು. ಹೆಚ್ಚಿನವರು ಸುರಕ್ಷಿತವಾಗಿಯೇ ಪಾರಾಗಿದ್ದರು. 1984ರ ಅಧ್ಯಯನದಲ್ಲಿ ರಕ್ತದೊತ್ತಡ ಕುಸಿತದಂಥ ಕೆಲವು ತೊಡಕುಗಳು ಕೊರತೆಯಿದ್ದವರಲ್ಲಿ ಹೆಚ್ಚಾಗಿ ಕಂಡವು. ಅದರಲ್ಲಿನ ಇನ್ನೊಂದು ಅಂಶ ನನ್ನನ್ನು ಹೆಚ್ಚು ಸೆಳೆಯಿತು: ಸೋಂಕು ತಗುಲಿದಾಗ ಕೊರತೆಯಿದ್ದವರಿಗೆ ಜ್ವರ ಬರುವುದು ಕಡಿಮೆ. ಜ್ವರವಿಲ್ಲವಾದ್ದರಿಂದ ಗಾಯ ಸರಿಯಿದೆ ಎಂದು ಮನೆಯವರು ಭಾವಿಸಿದರೆ ಮೋಸಹೋದಂತೆ.

ಮಾತ್ರೆಯಿಂದ ಟಿ.ಎಸ್.ಎಚ್. ಸಾಮಾನ್ಯ ವ್ಯಾಪ್ತಿಗೆ ಬಂದವರಿಗೆ ಥೈರಾಯ್ಡಿನ ಕಾರಣಕ್ಕೆ ಹೆಚ್ಚುವರಿ ಅಪಾಯವಿಲ್ಲವೆಂದೇ ಇಂದಿನ ತಿಳಿವಳಿಕೆ. ಸ್ಪಷ್ಟ ಕೊರತೆಯಿರುವವರ ತುರ್ತು ಶಸ್ತ್ರಚಿಕಿತ್ಸೆಯನ್ನು ತಡೆಯುವುದಿಲ್ಲ, ಕಾಯಬಹುದಾದದ್ದನ್ನು ಮುಂದೂಡುತ್ತಾರೆ. ಕರುಳುವಾಳ ಊದಿದರೆ ಕಾಯಲಾಗದು. ಹೊಟ್ಟೆಯ ಕೊಬ್ಬು ಕಾಯುತ್ತದೆ.

ಅಡ್ರಿನಲಿನ್ ಎಂಬ ಎರಡಲಗಿನ ಕತ್ತಿ

ಆಧಿಕ್ಯದವರ ಸಮಸ್ಯೆ ಬೇರೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರ. ಅವರ ಹೃದಯ ಮೊದಲೇ ಓಡುತ್ತಿರುತ್ತದೆ. ಅಡ್ರಿನಲಿನ್ನಿಗೆ ಅದು ಅತಿಸೂಕ್ಷ್ಮ. ಹತೋಟಿಯಿಲ್ಲದ ಆಧಿಕ್ಯದಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ ಅಪರೂಪಕ್ಕೆ 'ಥೈರಾಯ್ಡ್ ಬಿರುಗಾಳಿ' ಏಳುತ್ತದೆ: ವಿಪರೀತ ಜ್ವರ, ಲಯ ತಪ್ಪಿದ ನಾಡಿ, ಭ್ರಮೆ. ಉತ್ತಮ ಆಸ್ಪತ್ರೆಯಲ್ಲೂ ಇದಕ್ಕೆ ಸಿಕ್ಕವರಲ್ಲಿ ಸುಮಾರು ಹತ್ತರಲ್ಲೊಬ್ಬರು ಸಾಯುತ್ತಾರೆ. ಕಾರ್ಬಿಮಜೋಲ್‌ನಂಥ ಔಷಧ ಹಾರ್ಮೋನಿನ ತಯಾರಿಕೆಯನ್ನು ನಿಲ್ಲಿಸುತ್ತದೆಯೇ ಹೊರತು ಗ್ರಂಥಿಯೊಳಗೆ ಆಗಲೇ ಕೂಡಿಟ್ಟಿರುವುದನ್ನು ಖಾಲಿ ಮಾಡುವುದಿಲ್ಲ. ಉಗ್ರಾಣ ಬರಿದಾಗಲು ವಾರಗಳೇ ಬೇಕು. ಇಲ್ಲಿಯೂ ಅವಸರ ನಡೆಯದು.

ಓಡುವ ಹೃದಯವನ್ನು ತಡೆಯಲು ಇವರಿಗೆ ಪ್ರೊಪ್ರನೊಲಾಲ್ ಕೊಡುವುದು ವಾಡಿಕೆ. ಇದರಲ್ಲೊಂದು ಗೂಢ ಅಪಾಯವಿದೆ. ಅಡ್ರಿನಲಿನ್ನಿಗೆ ಕೆಲವು ರಕ್ತನಾಳಗಳನ್ನು ಬಿಗಿಯುವ ಗುಣವೂ ಸ್ನಾಯುಗಳ ರಕ್ತನಾಳಗಳನ್ನು ಹಿಗ್ಗಿಸುವ ಗುಣವೂ ಇವೆ. ಪ್ರೊಪ್ರನೊಲಾಲ್ ಎರಡನೆಯದನ್ನು ಮಾತ್ರ ತಡೆಯುತ್ತದೆ. ಆಗ ಬಿಗಿತಕ್ಕೆ ಎದುರಾಳಿಯಿಲ್ಲದೆ ರಕ್ತದೊತ್ತಡ ಹಠಾತ್ತನೆ ಏರಿ, ನಾಡಿ ಕುಸಿಯಬಹುದು. ಪ್ರೊಪ್ರನೊಲಾಲ್ ಸೇವಿಸುತ್ತಿದ್ದವರಿಗೆ ಸುರೂಪಿಕಾ ಶಸ್ತ್ರಚಿಕಿತ್ಸೆಯ ವೇಳೆ ಅಡ್ರಿನಲಿನ್ ಬೆರೆತ ಚುಚ್ಚುಮದ್ದು ಕೊಟ್ಟಾಗ ಹೀಗಾದದ್ದನ್ನು 1983ರಲ್ಲಿಯೇ ಶಸ್ತ್ರವೈದ್ಯರು ವರದಿ ಮಾಡಿದ್ದಾರೆ. ಸಾಲದ್ದಕ್ಕೆ ಪ್ರೊಪ್ರನೊಲಾಲ್ ಯಕೃತ್ತು ಲಿಡೊಕೇನನ್ನು ಹೊರಹಾಕುವ ವೇಗವನ್ನೂ ಕುಗ್ಗಿಸುತ್ತದೆ. ಹಾಗೆಂದು ಆ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇನ್ನೂ ಅಪಾಯ. ನುಂಗುತ್ತಿರುವ ಪ್ರತಿ ಮಾತ್ರೆಯ ಹೆಸರನ್ನೂ ಚೀಟಿಯಲ್ಲಿ ಬರೆದು ಅರಿವಳಿಕೆ ತಜ್ಞರ ಕೈಗೆ ಕೊಡಬೇಕು.

ಸುಳ್ಳು ಹೇಳಿದ ರಕ್ತಪರೀಕ್ಷೆ

ನನ್ನ ವಿದ್ಯಾರ್ಥಿನಿಯ ಪರೀಕ್ಷೆ 'ನಾರ್ಮಲ್' ಬಂದಿತ್ತಷ್ಟೆ, ಟಿ.ಎಸ್.ಎಚ್. 3.4. ಚಿಕಿತ್ಸಾಲಯದವರು ಮುಂಗಡ ಹಣವನ್ನೂ ಕಟ್ಟಿಸಿಕೊಂಡಿದ್ದರು. ಹಿಂದಿನ ದಿನ ನೋಡಲು ಬಂದ ಅರಿವಳಿಕೆ ತಜ್ಞೆ ಮಾತ್ರ ನಾಡಿ ಹಿಡಿದು ಸುಮ್ಮನಾದರಂತೆ. ನಾಡಿ ನಿಮಿಷಕ್ಕೆ 52. ಧ್ವನಿ ಒರಟು. ಹಿಮ್ಮಡಿಯ ನರವನ್ನು ತಟ್ಟಿದರೆ ಪಾದ ಸೆಳೆದು, ಮರಳುವಾಗ ಮೆಲ್ಲನೆ ಮರಳುತ್ತಿತ್ತು. ಇದು ಕೊರತೆಯ ಹಳೆಯ, ನಂಬಬಹುದಾದ ಗುರುತು. "ಕೂದಲಿಗೆ ಏನಾದರೂ ಮಾತ್ರೆ ತಗೋತೀರಾ?" ಎಂದು ಅವರು ಕೇಳಿದರು. ಹೌದು, ದಿನಕ್ಕೆ 10 ಮಿಲಿಗ್ರಾಂ ಬಯೊಟಿನ್.

ಬಯೊಟಿನ್ ಒಂದು ಜೀವಸತ್ವ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 30 ಮೈಕ್ರೊಗ್ರಾಂ. 10 ಮಿಲಿಗ್ರಾಂ ಎಂದರೆ ಅದರ ಮುನ್ನೂರು ಪಟ್ಟಿಗೂ ಹೆಚ್ಚು. ದೇಹಕ್ಕೆ ಇದರಿಂದ ಹಾನಿಯೇನೂ ಇಲ್ಲ. ತೊಂದರೆ ಪರೀಕ್ಷಾ ಯಂತ್ರಕ್ಕೆ. ಟಿ.ಎಸ್.ಎಚ್. ಅಳೆಯುವ ಅನೇಕ ಯಂತ್ರಗಳಲ್ಲಿ ಹಾರ್ಮೋನನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿಯುತ್ತಾರೆ. ಒಂದಕ್ಕೆ ಬೆಳಕು ಸೂಸುವ ಅಣು, ಇನ್ನೊಂದಕ್ಕೆ ಬಯೊಟಿನ್ ಕಟ್ಟಿರುತ್ತದೆ. ಬಯೊಟಿನ್ನಿನ ತುದಿ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಲೇಪಿಸಿದ ಕಣಕ್ಕೆ ಅಂಟುತ್ತದೆ. ಅಂಟದೆ ಉಳಿದದ್ದನ್ನು ತೊಳೆದು, ಉಳಿದ ಬೆಳಕನ್ನು ಅಳೆಯುತ್ತಾರೆ. ರೋಗಿಯ ರಕ್ತದಲ್ಲೇ ಬಯೊಟಿನ್ ಯಥೇಚ್ಛವಾಗಿದ್ದರೆ ಕಣಗಳ ಮೇಲಿನ ಜಾಗವನ್ನೆಲ್ಲ ಅದೇ ಆಕ್ರಮಿಸುತ್ತದೆ, ಹಾರ್ಮೋನು ತೊಳೆದುಹೋಗುತ್ತದೆ. ಬೆಳಕು ಮಂದ, ಫಲಿತಾಂಶ ಕಡಿಮೆ. ಟಿ-4ರ ಪರೀಕ್ಷೆಯ ರಚನೆ ಬೇರೆಯಾದ್ದರಿಂದ ಅಲ್ಲಿ ತಪ್ಪು ತಿರುಗುಮುರುಗಾಗಿ, ಫಲಿತಾಂಶ ಹೆಚ್ಚಾಗಿ ಬರುತ್ತದೆ. ಎರಡು ತಪ್ಪುಗಳೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ! ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಬಗೆಯ ಪರೀಕ್ಷೆಗಳ ಬಗ್ಗೆ 2017ರಲ್ಲಿ ಎಚ್ಚರಿಕೆ ನೀಡಿತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೊಟಿನ್ ನಿಲ್ಲಿಸಬೇಕೆಂಬುದು ತಜ್ಞರ ಸಲಹೆ.

ಮಾತ್ರೆ ಬಿಟ್ಟು ಮೂರು ದಿನದ ನಂತರ ಮತ್ತೆ ರಕ್ತ ತೆಗೆದರು. ಟಿ.ಎಸ್.ಎಚ್. 38.

ಆರು ವರ್ಷ ಥೈರಾಕ್ಸಿನ್ ನುಂಗಿಯೂ ಹೀಗೇಕಾಯಿತು? ಬೆಳಿಗ್ಗೆ ಕಾಲೇಜಿಗೆ ಓಡುವ ಗಡಿಬಿಡಿಯಲ್ಲಿ ಅವರು ಅದನ್ನು ಕಾಫಿಯೊಂದಿಗೆ ನುಂಗುತ್ತಿದ್ದರು. ಜೊತೆಯಲ್ಲೇ ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆ. ಎರಡೂ ಥೈರಾಕ್ಸಿನ್ ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರವಿರಬೇಕು. ಶಸ್ತ್ರಚಿಕಿತ್ಸೆಯ ನಂತರವೂ ರಕ್ತ ಕೂಡಲೆಂದು ಕಬ್ಬಿಣದ ಮಾತ್ರೆ ಬರೆದುಕೊಡುವುದುಂಟು. ಆಗಲೂ ಈ ಅಂತರವನ್ನು ಮರೆಯಬೇಡಿ.

ತೀವ್ರ ಕೊರತೆಯಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಒಂದು ಪ್ರೋಟೀನೂ ಕಡಿಮೆಯಾಗಿ, ಗಾಯದ ಸುತ್ತ ನೆತ್ತರು ಕಟ್ಟಿ ಕಪ್ಪಾಗುವುದು ಹೆಚ್ಚಬಹುದು. ಚಂದ ಕಾಣಲೆಂದು ಮಾಡಿಸಿಕೊಂಡ ಚಿಕಿತ್ಸೆಯಲ್ಲಿ ಇದು ಸಣ್ಣ ವಿಷಯವಲ್ಲ. ದೊಡ್ಡ ಗಳಗಂಡವಿದ್ದರೆ ಉಸಿರಿನ ಕೊಳವೆ ಇಳಿಸುವುದು ಕಷ್ಟ. ಆದ್ದರಿಂದ ಕುತ್ತಿಗೆಯನ್ನು ಮುಟ್ಟಿ ನೋಡದೆ ದಿನಾಂಕ ಗೊತ್ತುಮಾಡುವ ಕಡೆಗೆ ಹೋಗದಿರುವುದೇ ಲೇಸು. ಅರಿವಳಿಕೆ ತಜ್ಞರು ಯಾರು, ಅವರು ಮೊದಲೇ ನೋಡುತ್ತಾರೆಯೇ, ರಾತ್ರಿ ಏನಾದರೂ ಆದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳುವುದಕ್ಕೆ ಸಂಕೋಚ ಬೇಡ. ರಿಯಾಯಿತಿ ದರದ ಬಗ್ಗೆ ಅಷ್ಟೊಂದು ವಿಚಾರಿಸುವ ನಾವು ಇದನ್ನೇಕೆ ಕೇಳುವುದಿಲ್ಲವೋ ತಿಳಿಯದು.

ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಮಾತ್ರೆ ನುಂಗುವ ಸಮಯ ಬದಲಾಯಿತು, ಪ್ರಮಾಣ 50ರಿಂದ 75 ಮೈಕ್ರೊಗ್ರಾಂಗೆ ಏರಿತು. ಆರು ವಾರಕ್ಕೆ ಟಿ.ಎಸ್.ಎಚ್. 9, ಹನ್ನೆರಡು ವಾರಕ್ಕೆ 3.1, ಈ ಸಲ ಬಯೊಟಿನ್ ಇಲ್ಲದ 3.1. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಬಂದಾಗ ರೆಪ್ಪೆಗಳ ಊತ ಇಳಿದು, ನಾನು ತರಗತಿಯಲ್ಲಿ ಕಂಡಿದ್ದ ಮುಖವೇ ಎದುರಿಗಿತ್ತು. ತೂಕ ನಾಲ್ಕು ಕಿಲೊ ಇಳಿದಿತ್ತು, ಬಹುಪಾಲು ನೀರು. ರೆಪ್ಪೆಯ ಶಸ್ತ್ರಚಿಕಿತ್ಸೆಯ ಮಾತನ್ನು ಅವರೇ ಬಿಟ್ಟರು. ಹೊಟ್ಟೆಯ ಕೊಬ್ಬು ಮಾತ್ರ ಹಾಗೇ ಇತ್ತು. ಅದಕ್ಕೆ ಥೈರಾಯ್ಡನ್ನು ದೂರುವಂತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಅದನ್ನು ತೆಗೆಸಿಕೊಂಡರು, ಬೇರೊಂದು ಆಸ್ಪತ್ರೆಯಲ್ಲಿ. ದ್ರಾವಣವನ್ನು ಬಿಸಿಮಾಡುತ್ತೀರಾ ಎಂದು ಕೇಳಿದಾಗ ಅಲ್ಲಿಯ ವೈದ್ಯರು ನಗುತ್ತಾ ಉಷ್ಣಮಾಪಕವನ್ನೇ ತೋರಿಸಿದರಂತೆ. ಅಂದು ಬೆಳಿಗ್ಗೆ ಐದು ಗಂಟೆಗೆ ಒಂದು ಗುಟುಕು ನೀರಿನೊಡನೆ ಥೈರಾಕ್ಸಿನ್ ನುಂಗಿದ್ದರು. ಮರುದಿನ ಮಧ್ಯಾಹ್ನ ಮನೆ ಸೇರಿದರು.